ಸುಬ್ರಮಣಿ ಮತ್ತು ಸೋಮಾರಿ ಅನಿಲ

ಮೂವತ್ತೆರಡು ವರ್ಷ ಯಲಹಂಕದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಹೆಸರು ಕಾಶಿನಾಥ. ಅಷ್ಟು ವರ್ಷಗಳಲ್ಲಿ ಬೋರ್ಡಿನ ಮೇಲೆ ತಪ್ಪು ಬರೆದದ್ದು ಕಡಿಮೆ. ಬರೆದಾಗಲೂ ಹುಡುಗರ ಕಣ್ಣಿಗೆ ಬೀಳುವ ಮೊದಲೇ ಡಸ್ಟರ್ ಎತ್ತಿಕೊಂಡು ಜಾಣನಾಗಿದ್ದೇನೆ. ಒರೆಸಲಾಗದ ತಪ್ಪನ್ನು ಮಾಡಿದ್ದು ನಿವೃತ್ತಿಯಾದ ಮೇಲೆ, ಅಲ್ಲಾಳಸಂದ್ರದ ನನ್ನ ಮನೆಯ ಗೇಟಿನ ಮುಂದೆ, ಒಂದು ಭಾನುವಾರ ಬೆಳಿಗ್ಗೆ, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡು. ಅದಾದ ಮೇಲೆ ಇನ್ನೊಂದು ಮಾಡಿದೆ. ಅದು ತಪ್ಪಲ್ಲ, ಹೇಡಿತನ. ಎರಡನ್ನೂ ಬಚ್ಚಿಡದೆ ಹೇಳಬೇಕಾದರೆ ಮೊದಲು ಸುಬ್ರಮಣಿ ಯಾರೆಂದು ಹೇಳಬೇಕು.

ಸುಬ್ರಮಣಿ ನನ್ನ ಶಿಷ್ಯ. ಶಿಷ್ಯ ಎಂದರೆ ಕೊನೆಯ ಬೆಂಚಿನ ಗೋಡೆಗೆ ಒರಗಿ, ಬಾಯಿ ಅರ್ಧ ತೆರೆದು, ಕಿಟಕಿಯಾಚೆಯ ಹುಣಸೆ ಮರವನ್ನೇ ನೋಡುತ್ತಿದ್ದ ಶಿಷ್ಯ. ಒಂದು ದಿನ ಜಡಾನಿಲಗಳ ಪಾಠ ನಡೆಯುತ್ತಿತ್ತು. ಹೀಲಿಯಂ, ನಿಯಾನ್, ಆರ್ಗಾನ್ ಎಂದು ಆರು ಹೆಸರು ಬರೆದು, ಇವು ಯಾರ ಜೊತೆಯೂ ಸೇರುವುದಿಲ್ಲ, ಉರಿಯುವುದಿಲ್ಲ, ತುಕ್ಕು ಹಿಡಿಸುವುದಿಲ್ಲ, ತಮ್ಮ ಪಾಡಿಗೆ ತಾವು ಇರುತ್ತವೆ ಎಂದು ಹೇಳುತ್ತಿದ್ದೆ. ‘ಆರ್ಗಾನ್ ಅಂದರೆ ಗ್ರೀಕ್ ಭಾಷೆಯಲ್ಲಿ ಸೋಮಾರಿ ಅಂತ ಅರ್ಥ’ ಎಂದು ಹೇಳಿ ತಿರುಗಿದರೆ ಇವನು ಆಕಳಿಸುತ್ತಿದ್ದಾನೆ. ‘ಅಲ್ಲಿ ನೋಡ್ರೋ, ನಮ್ಮ ಕ್ಲಾಸಿನ ಆರ್ಗಾನ್’ ಎಂದುಬಿಟ್ಟೆ. ಕ್ಲಾಸೆಲ್ಲ ನಕ್ಕಿತು, ಅವನೂ ನಕ್ಕ. ಶಾಲೆ ಬಿಡುವ ತನಕ ಅವನಿಗೆ ಅದೇ ಹೆಸರಾಯಿತು. ಮೇಷ್ಟ್ರುಗಳಿಗೆ ಇಂಥ ಹಾಸ್ಯದ ಚಪಲ ಇರುತ್ತದೆ, ನನಗೆ ತುಸು ಜಾಸ್ತಿಯೇ ಇತ್ತು.

ಅವತ್ತಿನ ಪಾಠದಲ್ಲಿ ಇನ್ನೊಂದು ಮಾತನ್ನೂ ಆಡಿದ್ದೆ. ಪ್ರತಿ ವರ್ಷ ಆಡುತ್ತಿದ್ದೆ. ‘ಭೌತ ಗುಣಗಳು ಒಂದು ಮಾರ್ಕಿಗೆ ಬರ್ತವೆ. ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿ ಇಲ್ಲ. ಇಷ್ಟು ಬರೆದ್ರೆ ಸಾಕು, ಮಿಕ್ಕಿದ್ದು ಮನೇಲಿ ಓದ್ಕೊಳ್ಳಿ.’ ಮಿಕ್ಕಿದ್ದರಲ್ಲಿ ಸಾಂದ್ರತೆಯ ಒಂದು ಪಟ್ಟಿ ಇತ್ತು. ಯಾವುದು ಗಾಳಿಗಿಂತ ಹಗುರ, ಯಾವುದು ಭಾರ ಎಂಬ ಪಟ್ಟಿ. ಪರೀಕ್ಷೆಗೆ ಬರುವುದಿಲ್ಲವೆಂದು ಮೂವತ್ತೆರಡು ವರ್ಷ ಅದನ್ನು ನಾನು ತೆರೆಯಲಿಲ್ಲ.

ಸುಬ್ರಮಣಿಯ ಅಪ್ಪ ಚಿಕ್ಕಬೈರಪ್ಪ ಬಾವಿ ಹೂಳು ತೆಗೆಯುವವನು. ಯಲಹಂಕ, ಜಕ್ಕೂರು, ಅಲ್ಲಾಳಸಂದ್ರ, ಆ ಕಡೆ ಹೆಸರಘಟ್ಟದವರೆಗೆ ಅವನು ಇಳಿಯದ ಬಾವಿಯಿಲ್ಲ. ಈಗ ಆ ಬಾವಿಗಳ ಮೇಲೆ ಅಪಾರ್ಟ್‌ಮೆಂಟುಗಳು ನಿಂತಿವೆ, ಅದು ಬೇರೆ ಮಾತು. ಕುಳ್ಳಗೆ, ಕಲ್ಲು ಕಂಬದ ಹಾಗಿದ್ದ ಮನುಷ್ಯ. ಬಹಳ ದಿನ ಮುಚ್ಚಿದ್ದ ಬಾವಿಯಾದರೆ ನೇರವಾಗಿ ಇಳಿಯುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ಬುಡ್ಡಿದೀಪ ಕಟ್ಟಿ ನಿಧಾನವಾಗಿ ತಳದವರೆಗೆ ಬಿಡುತ್ತಿದ್ದ. ದೀಪ ಉರಿಯುತ್ತಿದ್ದರೆ ಇಳಿದ. ನಂದಿತೋ, ಬೇವಿನ ಸೊಪ್ಪಿನ ಕಂತೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ ಎಳೆದಾಡಿ ಗಾಳಿ ಆಡಿಸಿ, ಮತ್ತೆ ದೀಪ ಬಿಟ್ಟು ನೋಡುತ್ತಿದ್ದ. ಮನೆಯವರು ಅವಸರ ಮಾಡಿದರೆ, ‘ದೀಪ ಬದುಕದೆ ಇರೋ ಕಡೆ ನಾನೆಂಗೆ ಬದುಕ್ಲಿ ಸ್ವಾಮಿ? ನಿಮಗೆ ಅರ್ಜೆಂಟಾದ್ರೆ ನೀವೇ ಇಳೀರಿ’ ಎನ್ನುತ್ತಿದ್ದನಂತೆ. ಅವನ ಜೊತೆಯವರಲ್ಲಿ ಮೂವರು ಬಾವಿಯಲ್ಲೇ ಹೋದರು. ಚಿಕ್ಕಬೈರಪ್ಪ ಎಪ್ಪತ್ತು ದಾಟಿದ.

ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಡುಮ್ಕಿ ಹೊಡೆದ ಸುಬ್ರಮಣಿ ಆರ್.ಟಿ. ನಗರದ ಒಂದು ಗ್ರಿಲ್ ಅಂಗಡಿ ಸೇರಿದ. ಅಲ್ಲಿಂದ ಯಶವಂತಪುರದ ವರ್ಕ್‌ಶಾಪು. ಅಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ವೆಲ್ಡಿಂಗ್ ಕಲಿತ. ಕ್ಲಾಸಿನಲ್ಲಿ ಆಕಳಿಸುತ್ತಿದ್ದವನು ಮುಖವಾಡ ಹಾಕಿಕೊಂಡು ಬೆಸುಗೆಯ ಟಾರ್ಚು ಹಿಡಿದರೆ ಎರಡು ಗಂಟೆ ಅಲುಗಾಡುತ್ತಿರಲಿಲ್ಲವಂತೆ. ಮೂವತ್ತು ತುಂಬುವ ಹೊತ್ತಿಗೆ ಈ ಭಾಗದಲ್ಲಿ ಹಾಲಿನ ಟ್ಯಾಂಕಿನ ಕೆಲಸಕ್ಕೆ ಅವನನ್ನು ಬಿಟ್ಟರಿಲ್ಲ ಎನ್ನುವಷ್ಟು ಹೆಸರು ಮಾಡಿದ. ನಮ್ಮೂರಿನ ಮುನಿಶಾಮಪ್ಪ ತನ್ನ ರಾಗಿ ಹೊಲದಲ್ಲಿ ಶೆಡ್ ಕಟ್ಟಿ ಡೈರಿಗಳಿಗೆ ಟ್ಯಾಂಕು ಮಾಡಿಕೊಡುವ ಉದ್ಯಮ ತೆರೆದಾಗ ಮೊದಲು ಕರೆದದ್ದು ಇವನನ್ನೇ. ಅವನು ಹಾಕಿದ ಬೆಸುಗೆಯನ್ನು ನಾನು ಕೈಯಾಡಿಸಿ ನೋಡಿದ್ದೇನೆ. ಮೀನಿನ ಹುರುಪೆ ಜೋಡಿಸಿದ ಹಾಗೆ, ಒಂದರ ಪಕ್ಕ ಒಂದು, ಎಲ್ಲೂ ಹೆಚ್ಚು ಕಡಿಮೆಯಿಲ್ಲ.

ಅವನಿಗೆ ಕುಡಿತ ಇತ್ತು. ಮುಚ್ಚಿಡುವುದೇನು, ಜೋರಾಗಿಯೇ ಇತ್ತು. ಹೆಂಡತಿ ರಾಣಿ ಎರಡು ಸಲ ತವರಿಗೆ ಹೋಗಿ ಬಂದಳು. ಮಗಳು ನಯನಾ ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಯುಗಾದಿಯ ದಿನ ಅವಳ ತಲೆ ಮುಟ್ಟಿ, ಇನ್ನು ಮುಂದೆ ಒಂದು ಹನಿಯೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಮಾತು ಉಳಿಸಿಕೊಂಡ. ನನಗೆ ಗೊತ್ತು, ಏಕೆಂದರೆ ಕುಡಿತ ಬಿಟ್ಟ ಮೇಲೆ ಭಾನುವಾರ ಹೊತ್ತು ಹೋಗದೆ ನಮ್ಮ ಮನೆಗೆ ಬರುವುದನ್ನು ರೂಢಿ ಮಾಡಿಕೊಂಡಿದ್ದ. ಗೇಟು ಸರಿ ಮಾಡುವುದು, ನಲ್ಲಿ ಬಿಗಿ ಮಾಡುವುದು, ಏನಾದರೊಂದು ನೆಪ.

‘ಸಾರ್, ಈಗ ನಾನು ನಿಮ್ಮ ಆರ್ಗಾನ್ ಜೊತೇಲೇ ಸಂಸಾರ ಮಾಡ್ತಿರೋದು’ ಎಂದು ಅವನು ನಗುತ್ತ ಹೇಳಿದಾಗಲೇ ನನಗೆ ಗೊತ್ತಾದದ್ದು, ಸ್ಟೀಲು ಬೆಸೆಯಲು ಆರ್ಗಾನ್ ಬೇಕೆಂದು. ಕಾದ ಸ್ಟೀಲಿಗೆ ಗಾಳಿ ತಗುಲಿದರೆ ಕರಕಲಾಗುತ್ತದೆ. ಆರ್ಗಾನ್ ಸುತ್ತುವರಿದು ಗಾಳಿಯನ್ನು ದೂರ ಇಡುತ್ತದೆ. ತಾನೂ ಸ್ಟೀಲಿನ ಜೊತೆ ಸೇರುವುದಿಲ್ಲ, ಆದ್ದರಿಂದ ಬೆಸುಗೆ ಬೆಳ್ಳಗೆ ಉಳಿಯುತ್ತದೆ. ನಾನು ಪುಸ್ತಕದಲ್ಲಿ ಮಾತ್ರ ಕಂಡಿದ್ದ ಅನಿಲದ ಜೊತೆ ಇವನು ದಿನಾ ಕೆಲಸ ಮಾಡುತ್ತಿದ್ದ. ಶೆಡ್ಡಿಗೆ ಅದು ದ್ರವವಾಗಿ ಬರುತ್ತಿತ್ತಂತೆ, ಎರಡು ಗೋಡೆಯ ದೊಡ್ಡ ಸಿಲಿಂಡರಿನಲ್ಲಿ. ಉಪಯೋಗಿಸುವಾಗ ಬೇಸಿಗೆಯಲ್ಲೂ ಅದರ ಪೈಪಿನ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತದೆ ಎಂದು ಕೈಯಗಲಿಸಿ ತೋರಿಸುತ್ತಿದ್ದ.

‘ಯಾಕೆ ಸಾರ್ ಅಷ್ಟು ತಣ್ಣಗಿರ್ತದೆ?’

ಕೇಳಿದ್ದೇ ತಡ, ನನ್ನೊಳಗಿನ ಮೇಷ್ಟ್ರು ಎದ್ದು ನಿಂತ. ಅದರ ಪರಮಾಣುಗಳಿಗೆ ಒಂದಕ್ಕೊಂದು ಅಂಟಿಕೊಳ್ಳುವ ಆಸೆಯೇ ಇಲ್ಲ, ಹಾಗಾಗಿ ಸೊನ್ನೆಗಿಂತ ನೂರ ಎಂಬತ್ತಾರು ಡಿಗ್ರಿ ಕೆಳಗೇ ಕುದ್ದು ಅನಿಲವಾಗುತ್ತದೆ, ಇನ್ನು ಮೂರು ಡಿಗ್ರಿ ಇಳಿಸಿದರೆ ಗಟ್ಟಿಯಾಗುತ್ತದೆ, ಅದು ದ್ರವವಾಗಿ ಇರುವುದೇ ಆ ಮೂರು ಡಿಗ್ರಿಯ ಸಂದಿಯಲ್ಲಿ ಎಂದೆಲ್ಲ ಹೇಳಿದೆ. ಒಂದು ಲೀಟರ್ ದ್ರವದಿಂದ ಎಂಟುನೂರು ಲೀಟರಿಗೂ ಹೆಚ್ಚು ಅನಿಲ ಬರುತ್ತದೆ ಎಂದೆ. ಅವನು ಕಣ್ಣರಳಿಸಿ ಕೇಳಿದ. ಕ್ಲಾಸಿನಲ್ಲಿ ಕೇಳದಿದ್ದವನು ಇಪ್ಪತ್ತು ವರ್ಷದ ಮೇಲೆ ಹೀಗೆ ಕೇಳುತ್ತಿದ್ದಾನಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ಆ ಹಿಗ್ಗಿನಲ್ಲೇ ಎಡವಿದೆ.

ಅವತ್ತು ಅವನು ಗೇಟಿನ ಕೀಲಿಗೆ ಎಣ್ಣೆ ಬಿಡುತ್ತ, ಸ್ವಲ್ಪ ಸಂಕೋಚದಿಂದ ಒಂದು ವಿಷಯ ಹೇಳಿದ. ಟ್ಯಾಂಕಿನ ಒಳಗಡೆ ಇಳಿದು ತಳದ ಬೆಸುಗೆ ಹಾಕಬೇಕಾದಾಗ ಅವನು ಇಳಿಯುವ ಮುಂಚೆ ಅಪ್ಪನ ಹಾಗೆ ದೀಪ ಬಿಡುತ್ತಿದ್ದನಂತೆ. ತೆಂಗಿನ ಚಿಪ್ಪಿನಲ್ಲಿ ಮೋಂಬತ್ತಿ ನಿಲ್ಲಿಸಿ, ತಂತಿ ಕಟ್ಟಿ, ಮೇಲಿನ ಬಾಯಿಯಿಂದ ತಳದವರೆಗೆ.

‘ಚನ್ನು ಎಲ್ಲ ಆಡ್ಕೋತಾರೆ ಸಾರ್. ಟ್ಯಾಂಕಿಗೆ ಆರತಿ ಎತ್ತುತಾನೆ ಅಂತ. ಮೊನ್ನೆ ಡೈರಿ ಕಡೆಯಿಂದ ಇನ್‌ಸ್ಪೆಕ್ಷನ್ನಿಗೆ ಬಂದೋರೂ ನಕ್ಕುಬಿಟ್ರು. ಮುನಿಶಾಮಪ್ಪೋರಿಗೆ ಮುಜುಗರ ಆಯ್ತು. ನೀವೇ ಹೇಳಿ ಸಾರ್, ಇದಕ್ಕೂ ಬಾವಿಗೂ ಏನಾದ್ರೂ ಸಂಬಂಧ ಐತಾ?’ ಎಂದು ಕೇಳಿದ. ಚನ್ನು ಎಂದರೆ ಶೆಡ್ಡಿನಲ್ಲಿ ಪಾಲಿಶ್ ಕೆಲಸದವನು, ಇವನಿಗಿಂತ ಎರಡು ವರ್ಷ ದೊಡ್ಡವನು.

ನಾನೂ ನಕ್ಕೆ. ಈಗ ನೆನೆಸಿಕೊಂಡರೆ ಆ ನಗುವೇ ಮೊದಲು ಚುಚ್ಚುತ್ತದೆ.

‘ಲೋ ಪೆದ್ದ, ಬಾವಿಯಲ್ಲಿರೋದು ಇಂಗಾಲದ ಡೈಆಕ್ಸೈಡು, ಕೊಳೆತ ಗಾಳಿ. ಇದು ಜಡಾನಿಲ ಕಣೋ. ನೀನು ಈಗ ಎಳ್ಕೊಂಡ ಉಸಿರಲ್ಲೂ ನೂರಕ್ಕೆ ಒಂದು ಪಾಲು ಇದೇ ಇದೆ. ಹುಟ್ಟಿದಾಗಿನಿಂದ ಕುಡೀತಾ ಇದೀಯ. ವಿಷ ಅಲ್ಲ, ಬೆಂಕಿ ಹತ್ತಲ್ಲ, ಏನೂ ಮಾಡಲ್ಲ. ಅದರ ಹೆಸರೇ ಸೋಮಾರಿ. ಎಲ್ಲರ ಮುಂದೆ ಮೋಂಬತ್ತಿ ಹಿಡ್ಕೊಂಡು ನನ್ನ ಮಾನ ಯಾಕೆ ಕಳೀತೀಯ?’ ಎಂದೆ.

ಅವನ ಮುಖ ಹಗುರವಾಯಿತು. ‘ನೀವು ಹೇಳಿದ್ ಮೇಲೆ ಮುಗೀತು ಬಿಡಿ ಸಾರ್’ ಎಂದ. ಕಾಫಿ ಕುಡಿದು ಹೋದ. ಮರುದಿನದಿಂದ ದೀಪ ಬಿಡುವುದನ್ನು ನಿಲ್ಲಿಸಿದ.

ಇದರಲ್ಲಿ ನಾನು ಹೇಳಿದ ಒಂದೊಂದು ವಾಕ್ಯವೂ ಪುಸ್ತಕದಲ್ಲಿದೆ. ಆರ್ಗಾನ್ ವಿಷವಲ್ಲ, ಉರಿಯುವುದಿಲ್ಲ, ಗಾಳಿಯಲ್ಲಿ ಇದ್ದೇ ಇದೆ. ಪುಸ್ತಕದಲ್ಲಿದ್ದೂ ನಾನು ಹೇಳದೆ ಬಿಟ್ಟದ್ದು ಒಂದೇ. ಅದು ಗಾಳಿಗಿಂತ ಒಂದೂಕಾಲು ಪಟ್ಟಿಗಿಂತಲೂ ಹೆಚ್ಚು ಭಾರ. ಬಾಯಿ ಮೇಲಿರುವ ಟ್ಯಾಂಕಿಗೆ ಬಿಟ್ಟರೆ ನೀರಿನ ಹಾಗೆ ತಳದಲ್ಲಿ ನಿಂತು, ಗಾಳಿಯನ್ನು ಮೇಲಕ್ಕೆ ನೂಕಿ ತಾನು ತುಂಬಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಅದರೊಳಗೆ ಇಳಿದವನಿಗೆ ಉಸಿರು ಕಟ್ಟಿದಂತೆಯೂ ಅನ್ನಿಸುವುದಿಲ್ಲ, ಎದೆ ಎಂದಿನಂತೆ ಏರಿ ಇಳಿಯುತ್ತಿರುತ್ತದೆ. ಎರಡು ಮೂರು ಉಸಿರಿಗೆ ಪ್ರಜ್ಞೆ ಹೋಗುತ್ತದೆ. ಚಿಕ್ಕಬೈರಪ್ಪನ ದೀಪಕ್ಕೆ ಅನಿಲದ ಹೆಸರು ಬೇಕಿರಲಿಲ್ಲ. ಉಸಿರಾಡುವ ಗಾಳಿ ಇದೆಯೋ ಇಲ್ಲವೋ, ಅಷ್ಟೇ ಅದು ಹೇಳುತ್ತಿದ್ದದ್ದು. ಅಷ್ಟೇ ಸಾಕಾಗಿತ್ತು.

ಎರಡು ತಿಂಗಳ ಮೇಲೆ, ಶಿವರಾತ್ರಿ ಕಳೆದ ವಾರ, ಸುಬ್ರಮಣಿ ಸತ್ತ.

ಸುದ್ದಿ ಬಂದಾಗ ಹನ್ನೊಂದು ಗಂಟೆ. ನಾನು ಶೆಡ್ಡಿಗೆ ಹೋದೆ. ಅವನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಮುಖದಲ್ಲಿ ನೋವಿನ ಗುರುತೇ ಇಲ್ಲ, ಮಧ್ಯಾಹ್ನ ಊಟ ಮಾಡಿ ಮಲಗಿದವನ ಹಾಗಿದ್ದ. ಚನ್ನು ಗೋಡೆಗೆ ಒರಗಿ ನಿಂತಿದ್ದ. ಅವನು ಬಿಡಿಬಿಡಿಯಾಗಿ ಹೇಳಿದ್ದನ್ನು ಕೂಡಿಸಿದರೆ ಹೀಗೆ.

ಹಿಂದಿನ ಸಂಜೆ ಟ್ಯಾಂಕಿನ ತಳದ ಬೆಸುಗೆ ಅರ್ಧಕ್ಕೆ ನಿಂತಿತ್ತು. ಆರ್ಗಾನಿನ ತೆಳು ಪೈಪು ಟ್ಯಾಂಕಿನ ಒಳಗೇ ಇಳಿಬಿದ್ದಿತ್ತು, ಅದರ ತಿರುಪು ಪೂರ್ತಿ ಮುಚ್ಚಿರಲಿಲ್ಲ. ಬೆಳಿಗ್ಗೆ ಸುಬ್ರಮಣಿ ಎಲ್ಲರಿಗಿಂತ ಮೊದಲು ಬಂದು, ಏಣಿ ಇಟ್ಟು, ಒಳಗೆ ಇಳಿದಿದ್ದ. ಚನ್ನು ಬಂದು ಮೇಲಿನಿಂದ ಇಣುಕಿದಾಗ ತಳದಲ್ಲಿ ಮಗ್ಗುಲಾಗಿ ಮಲಗಿದ್ದ. ಕೂಗಿದರೆ ಏಳಲಿಲ್ಲ. ಸೆಕೆಗೆ ಮಂಪರು ಹತ್ತಿರಬೇಕೆಂದುಕೊಂಡು, ತಿರುಪು ಮುಚ್ಚಿ, ದೊಡ್ಡ ಬ್ಲೋಯರ್ ಫ್ಯಾನಿನ ಕೊಳವೆಯನ್ನು ಟ್ಯಾಂಕಿನೊಳಕ್ಕೆ ಬಿಟ್ಟು, ತಣ್ಣಗೆ ಗಾಳಿ ತಗುಲಿದರೆ ಏಳುತ್ತಾನೆಂದು ಟೀ ಕುಡಿಯಲು ಹೋದ. ಇಪ್ಪತ್ತು ನಿಮಿಷದ ಮೇಲೆ ಬಂದು ತಾನೇ ಇಳಿದು ಅಲುಗಾಡಿಸಿದ. ಚನ್ನುವಿಗೆ ಏನೂ ಆಗಲಿಲ್ಲ.

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ರಾತ್ರಿಯಿಡೀ ನಿಮಿಷಕ್ಕೆ ಐದು ಲೀಟರ್ ಸೋರಿತೆಂದುಕೊಂಡರೂ ಹನ್ನೆರಡು ಗಂಟೆಗೆ ಮೂರು ಸಾವಿರದ ಆರುನೂರು. ಟ್ಯಾಂಕು ಮೂರು ಸಾವಿರ ಲೀಟರಿನದು. ಅಂಚಿನವರೆಗೆ ತುಂಬಿದ್ದಿರಬೇಕು. ಫ್ಯಾನು ಅದನ್ನೆಲ್ಲ ಹೊರಗೆ ಅಟ್ಟಿದ ಮೇಲೆ ಚನ್ನು ಇಳಿದದ್ದು, ಆದ್ದರಿಂದ ಬದುಕಿದ. ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೆ.

ಅಷ್ಟರಲ್ಲಿ ಊರಿನವರು ಸೇರಿದ್ದರು. ಚಿಕ್ಕಬೈರಪ್ಪನನ್ನು ಯಾರೋ ಸ್ಕೂಟರಿನಲ್ಲಿ ಕರೆತಂದರು. ಮುದುಕ ಮಗನ ಮುಖ ಸವರಿದ. ಆಮೇಲೆ ಟ್ಯಾಂಕಿನ ಕಡೆ ನೋಡಿ, ಯಾರನ್ನೂ ಉದ್ದೇಶಿಸದೆ, ‘ದೀಪ ಇಳ್ಸಿದ್ನಾ?’ ಎಂದ. ಯಾರಿಗೂ ಅರ್ಥವಾಗಲಿಲ್ಲ. ನನ್ನನ್ನು ಕಂಡು ಹತ್ತಿರ ಬಂದ. ‘ಮೇಷ್ಟ್ರೇ, ನೀವು ತಿಳ್ದೋರು. ಇಂಗೆ ಮಲಗ್ದಂಗೆ ಓಗೋದು ಬಾವೀಲಿ ಮಾತ್ರ. ನನ್ ಮಗ ದೀಪ ಇಳ್ಸಿದ್ನಾ ಇಲ್ವಾ?’

ನಾನು ತಲೆ ತಗ್ಗಿಸಿದೆ.

ಮುನಿಶಾಮಪ್ಪನಿಗೆ ಪೊಲೀಸರ ಭಯ. ಕೆಟ್ಟವನಲ್ಲ, ಹೆದರಿದವನು. ಪೋಸ್ಟ್‌ಮಾರ್ಟಂ ಎಂದು ಹೆಣ ಕುಯ್ಯಿಸುವುದು ಬೇಡವೆಂದು ಹಿರಿಯರನ್ನು ಒಪ್ಪಿಸಿದ. ಡಾಕ್ಟರೊಬ್ಬರು ಎದೆಬಡಿತ ನಿಂತಿದೆ ಎಂದು ಬರೆದುಕೊಟ್ಟರು. ಆದರೂ ಗುಂಪಿನಲ್ಲಿ ಯಾರೋ ಗ್ಯಾಸು ಗ್ಯಾಸು ಎಂದು ಗೊಣಗತೊಡಗಿದರು. ಆಗ ಮುನಿಶಾಮಪ್ಪ ಎಲ್ಲರಿಗೂ ಕೇಳುವಂತೆ ನನ್ನ ಕಡೆ ತಿರುಗಿದ. ‘ಮೇಷ್ಟ್ರು ಇಲ್ಲೇ ಅವ್ರೆ, ಅವ್ರನ್ನೇ ಕೇಳಿ. ಅರ್ಧ ಊರಿಗೆ ಸೈನ್ಸ್ ಹೇಳ್ಕೊಟ್ಟೋರು. ಹೇಳಿ ಮೇಷ್ಟ್ರೇ, ಈ ಗ್ಯಾಸು ವಿಷಾನಾ?’

ಎಲ್ಲರೂ ನನ್ನನ್ನು ನೋಡಿದರು. ರಾಣಿಯೂ ಅಳುವುದನ್ನು ನಿಲ್ಲಿಸಿ ನೋಡಿದಳು. ಹೇಳಬಹುದಾಗಿತ್ತು. ವಿಷ ಅಲ್ಲ, ಆದರೆ ಕೊಂದದ್ದು ಅದೇ. ಇವನು ದೀಪ ಬಿಡುತ್ತಿದ್ದ, ನಾನೇ ನಿಲ್ಲಿಸಿದೆ. ಇಷ್ಟೇ ಎರಡು ಮಾತು. ಆದರೆ ಎರಡನೆಯ ಮಾತನ್ನು ಹೇಳದೆ ಮೊದಲನೆಯದನ್ನು ಹೇಳುವ ದಾರಿ ನನಗೆ ಕಾಣಲಿಲ್ಲ.

‘ವಿಷ ಅಲ್ಲ’ ಎಂದೆ. ಅಲ್ಲಿಗೇ ನಿಲ್ಲಿಸಿದೆ.

ಗ್ಯಾಸಲ್ಲ ಎಂದ ಮೇಲೆ ಜನಕ್ಕೆ ಇನ್ನೊಂದು ಕಾರಣ ಬೇಕಲ್ಲ. ಅವನ ಅಂಗಿಯಲ್ಲಿ ಸ್ಪಿರಿಟ್ಟಿನ ವಾಸನೆ ಇತ್ತು. ಬೆಸೆಯುವ ಮೊದಲು ಸ್ಟೀಲಿನ ಜಿಡ್ಡು ತೆಗೆಯಲು ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸುತ್ತಾರೆ, ಶೆಡ್ಡಿನಲ್ಲಿ ಎಲ್ಲರ ಅಂಗಿಗೂ ಅದೇ ವಾಸನೆ. ಆದರೆ ಸುಬ್ರಮಣಿ ಹಳೆಯ ಕುಡುಕ. ಮತ್ತೆ ಶುರು ಮಾಡಿದ್ದ, ಬೆಳಿಗ್ಗೆಯೇ ಹಾಕಿಕೊಂಡು ಬಂದು ಟ್ಯಾಂಕಿನಲ್ಲಿ ಮಲಗಿದ, ಎದೆ ನಿಂತಿತು. ಮಣ್ಣು ಮಾಡಿ ಬರುವಷ್ಟರಲ್ಲಿ ಈ ಕಥೆ ಊರೆಲ್ಲ ಸುತ್ತಿ ರಾಣಿಯ ಕಿವಿಗೆ ಬಿದ್ದಿತ್ತು. ಅವಳು ನಂಬಿದಳು. ಎಷ್ಟೋ ವರ್ಷ ಕುಡಿತದ ವಾಸನೆಯನ್ನು ಕಂಡಿದ್ದವಳು, ನಂಬದೆ ಏನು ಮಾಡಿಯಾಳು? ಮಗಳ ತಲೆ ಮುಟ್ಟಿ ಮಾಡಿದ ಆಣೆಯನ್ನು ಗಂಡ ಮುರಿದ ಎಂಬುದು ಅವಳಿಗೆ ಸಾವಿಗಿಂತ ದೊಡ್ಡ ಗಾಯವಾಯಿತು. ಹನ್ನೊಂದನೆಯ ದಿನದ ಕಾರ್ಯಕ್ಕೆ ನಾನು ಹೋಗಿದ್ದೆ. ಅವಳು ಯಾರದೋ ಮನೆಯ ಕೆಲಸವೆಂಬಂತೆ ಓಡಾಡುತ್ತಿದ್ದಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಿದ್ದ ನಯನಾ ಮೂಲೆಯಲ್ಲಿ ಕೂತು, ಬಂದವರು ಯಾರಾದರೂ ತಲೆ ಸವರಲು ಕೈ ಚಾಚಿದರೆ ಸರಕ್ಕನೆ ಹಿಂದೆ ಸರಿಯುತ್ತಿದ್ದಳು.

ಅವತ್ತೂ ಹೇಳಲಿಲ್ಲ. ಸ್ವಲ್ಪ ದಿನ ಕಳೆಯಲಿ ಎಂದುಕೊಂಡೆ. ಕಳೆದ ಮೇಲೆ, ಈಗ ಕೆದಕಿ ಏನು ಉಪಯೋಗ ಎಂದುಕೊಂಡೆ. ಮನುಷ್ಯ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವುದರಲ್ಲಿ ಎಷ್ಟು ಚುರುಕು! ಬೆಳಿಗ್ಗೆ ಕೆರೆಯ ಸುತ್ತ ವಾಕಿಂಗ್ ಹೋಗುವವನು ಅವರ ಬೀದಿ ತಪ್ಪಿಸಲು ಉಲ್ಟಾ ಸುತ್ತತೊಡಗಿದೆ. ಜೊತೆಯವರು ಕೇಳಿದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದೆ. ಎಂಟು ತಿಂಗಳ ಮೇಲೆ ಚಿಕ್ಕಬೈರಪ್ಪ ತೀರಿಕೊಂಡ. ಅವನ ಮಣ್ಣಿಗೂ ನಾನು ಹೋಗಲಿಲ್ಲ, ಮಂಡಿ ನೋವೆಂದು ಹೇಳಿ ಕಳಿಸಿದೆ. ನನ್ನ ಉತ್ತರವನ್ನು ಒಂದೇ ಕ್ಷಣದಲ್ಲಿ ಅರ್ಥ ಮಾಡಿಕೊಳ್ಳಬಲ್ಲವನು ಈ ಊರಿನಲ್ಲಿ ಅವನೊಬ್ಬನೇ ಇದ್ದ.

ಹೀಗೆ ಎರಡು ವರ್ಷ ಹೋಯಿತು. ಹೋದ ತಿಂಗಳು ಒಂದು ಸಂಜೆ ಗೇಟಿನ ಸದ್ದಾಯಿತು. ನೋಡಿದರೆ ನಯನಾ. ಈಗ ಸೆಕೆಂಡ್ ಪಿಯುಸಿ. ಕೈಯಲ್ಲಿ ಸಿಇಟಿಯ ದಪ್ಪ ಗೈಡು.

‘ಸರ್, ಬ್ಯುಸಿ ಇದೀರಾ? ಕೆಮಿಸ್ಟ್ರಿಯಲ್ಲಿ ಒಂದು ಡೌಟಿತ್ತು. ಟ್ಯೂಷನ್ನಿಗೆ ಹೋಗ್ತಿಲ್ಲ, ಅದಕ್ಕೆ...’

ಬೇಡವೆನ್ನಲು ಬಾಯಿ ಬರಲಿಲ್ಲ. ವರಾಂಡದಲ್ಲಿ ಕೂರಿಸಿದೆ. ಅವಳು ಗುರುತಿಟ್ಟಿದ್ದ ಪುಟ ತೆರೆದಳು. ಜಡಾನಿಲಗಳು. ಭೌತ ಸ್ಥಿತಿ ಮತ್ತು ಗುಣಗಳು. ನಾನು ಕನ್ನಡಕ ಒರೆಸಿಕೊಂಡೆ. ಎಲ್ಲ ಏಕಪರಮಾಣು ಅನಿಲಗಳು, ಬಣ್ಣ ವಾಸನೆ ರುಚಿ ಇಲ್ಲ, ನೀರಿನಲ್ಲಿ ಕರಗುವುದು ತೀರ ಕಡಿಮೆ, ಪರಮಾಣುಗಳ ನಡುವಿನ ಸೆಳೆತ ದುರ್ಬಲವಾದ್ದರಿಂದ ಕುದಿಯುವ ಬಿಂದು ಬಹಳ ಕೆಳಗೆ. ಅವಳು ತಲೆಯಾಡಿಸುತ್ತ ಬರೆದುಕೊಂಡಳು. ಜಾಣೆ, ಒಂದು ಸಲ ಹೇಳಿದರೆ ಸಾಕು.

‘ಈ ಸಾಂದ್ರತೆಯ ಟೇಬಲ್ ಯಾಕೆ ಸರ್? ಇದು ಕೇಳ್ತಾರಾ?’

‘ಅದನ್ನ ಬಿಡು’ ಎಂಬ ಮಾತು ಹಳೇ ಅಭ್ಯಾಸದಿಂದ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹೀಲಿಯಂ ಗಾಳಿಗಿಂತ ಹಗುರ, ಆದ್ದರಿಂದ ಬಲೂನು ಮೇಲಕ್ಕೆ ಹೋಗುತ್ತದೆ ಎಂದೆ. ನಿಯಾನ್ ಕೂಡ ಹಗುರವೇ. ಆರ್ಗಾನಿನಿಂದ ಕೆಳಗೆ ಎಲ್ಲವೂ ಗಾಳಿಗಿಂತ ಭಾರ.

‘ಭಾರ ಅಂದ್ರೆ ಏನಾಗುತ್ತೆ?’

‘ತಗ್ಗಿನಲ್ಲಿ ನಿಲ್ಲುತ್ತೆ ಕಣಮ್ಮ. ಪಾತ್ರೆಯಲ್ಲಿ ತುಂಬಿಕೊಳ್ಳುತ್ತೆ. ಅಲ್ಲಿದ್ದ ಗಾಳಿಯನ್ನ ಮೇಲಕ್ಕೆ ತಳ್ಳುತ್ತೆ.’

ಅವಳ ಪೆನ್ನು ನಿಂತಿತು. ಪಟ್ಟಿಯಲ್ಲಿ ಆರ್ಗಾನಿನ ಸಾಲಿನ ಮೇಲೆ ಬೆರಳಿಟ್ಟಳು. ಆಮೇಲೆ ತಲೆ ಎತ್ತದೆಯೇ ಕೇಳಿದಳು.

‘ಟ್ಯಾಂಕಲ್ಲೂ ನಿಲ್ಲುತ್ತಾ ಸರ್?’

ಹೇಳಿದೆ. ಎಲ್ಲವನ್ನೂ ಹೇಳಿದೆ. ಪೈಪು, ತಿರುಪು, ಚನ್ನುವಿನ ಫ್ಯಾನು, ಅಂಗಿಯ ಸ್ಪಿರಿಟ್ಟು. ನಿನ್ನಪ್ಪ ಕುಡಿದಿರಲಿಲ್ಲ ಎಂದೆ. ಅವನು ಪ್ರತಿ ಸಲವೂ ದೀಪ ಬಿಟ್ಟು ನೋಡಿಯೇ ಇಳಿಯುತ್ತಿದ್ದ, ಅದು ಬೇಡವೆಂದು ನಗಾಡಿ ಬಿಡಿಸಿದವನು ನಾನು ಎಂದೆ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಅವಳು ಅಳಲಿಲ್ಲ. ಗೈಡು ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು.

‘ನಿಮಗೆ ಇದು ಯಾವಾಗ ಗೊತ್ತಾಯ್ತು ಸರ್?’

‘ಅವತ್ತೇ. ಅಲ್ಲೇ.’

‘ಎರಡು ವರ್ಷ ನಾನು ನನ್ನ ತಲೆ ಯಾರಿಗೂ ಮುಟ್ಟಿಸ್ಕೊಂಡಿಲ್ಲ ಸರ್. ಎಣ್ಣೆ ಹಚ್ಚೋಕೆ ಅಮ್ಮನಿಗೂ ಬಿಟ್ಟಿಲ್ಲ’ ಎಂದಳು. ‘ನೀವೇ ಬಂದು ಅಮ್ಮನಿಗೆ ಹೇಳಿ. ನಾನು ಹೇಳಿದ್ರೆ ಅಪ್ಪನ ಪರ ಮಾತಾಡ್ತಿದೀನಿ ಅಂತಾಳೆ.’ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ಹೋದೆ. ರಾಣಿ ಈಗ ಮನೆಯಲ್ಲೇ ದೋಸೆ ಹಿಟ್ಟು ರುಬ್ಬಿ ಸುತ್ತಲಿನ ಅಪಾರ್ಟ್‌ಮೆಂಟುಗಳಿಗೆ ಪ್ಯಾಕೆಟ್ ಮಾಡಿ ಕೊಡುತ್ತಾಳೆ. ಬಾಗಿಲಲ್ಲಿ ನನ್ನನ್ನು ಕಂಡು ಗ್ರೈಂಡರ್ ಆರಿಸಿ, ಕೈ ಒರೆಸಿಕೊಳ್ಳುತ್ತ, ‘ಬನ್ನಿ ಮೇಷ್ಟ್ರೇ, ಎಷ್ಟು ದಿನ ಆಯ್ತು ಈ ಕಡೆ ಬಂದು. ಮಂಡಿ ನೋವು ಹೆಂಗಿದೆ?’ ಎಂದಳು. ಆ ಸುಳ್ಳನ್ನು ಅವಳು ನೆನಪಿಟ್ಟುಕೊಂಡಿದ್ದಳು. ನಯನಾ ಒಳಗಿನ ಕೋಣೆಯ ಬಾಗಿಲಿಗೆ ಬಂದು ನಿಂತಳು.

ನಾನು ಸಾಂದ್ರತೆಯಿಂದ ಶುರು ಮಾಡಿದೆ. ನನಗೆ ಬೇರೆ ರೀತಿ ಶುರು ಮಾಡಲು ಬರುವುದಿಲ್ಲ. ಭಾರದ ಅನಿಲ, ತಳದಲ್ಲಿ ನಿಲ್ಲುವುದು, ಲೀಟರಿನ ಲೆಕ್ಕ. ಅರ್ಧದಲ್ಲಿ ಅವಳು ಕೈಯೆತ್ತಿ ತಡೆದಳು.

‘ಅದೆಲ್ಲ ನಂಗೆ ತಿಳಿಯಲ್ಲ ಮೇಷ್ಟ್ರೇ. ಒಂದು ಹೇಳಿ. ಅವ್ರು ಕುಡಿದಿದ್ರಾ?’

‘ಇಲ್ಲ ಕಣಮ್ಮ.’

‘ಒಂಚೂರೂ?’

‘ಒಂದು ಹನಿಯೂ ಇಲ್ಲ.’

ಅವಳು ನಿಂತಲ್ಲೇ ಗೋಡೆಗೆ ಒರಗಿ ಜಾರಿ ಕೂತಳು. ನಾನು ಮಿಕ್ಕದ್ದನ್ನೂ ಹೇಳಿದೆ. ಗೇಟಿನ ಮುಂದೆ ನಕ್ಕದ್ದು, ಮೋಂಬತ್ತಿ ಬೇಡವೆಂದದ್ದು, ಮುನಿಶಾಮಪ್ಪ ಕೇಳಿದಾಗ ಅರ್ಧ ಹೇಳಿ ಬಾಯಿ ಮುಚ್ಚಿಕೊಂಡದ್ದು. ಬಯ್ಯಮ್ಮ, ಏನು ಬೇಕಾದರೂ ಅನ್ನು ಎಂದೆ. ಅವಳು ಬಯ್ದಿದ್ದರೆ ನನಗೆ ಒಳ್ಳೆಯದಾಗುತ್ತಿತ್ತು.

‘ನಮ್ಮಾವ ಕಣ್ಣು ಮುಚ್ಚೋ ತನಕ ದೀಪ ಇಳ್ಸಿದ್ನಾ, ದೀಪ ಇಳ್ಸಿದ್ನಾ ಅಂತಿದ್ರು. ಮುದುಕಂಗೆ ಅರಳು ಮರಳು ಅಂತ ಗದರಿ ಮಲಗಿಸ್ತಿದ್ದೆ ನಾನು’ ಎಂದಳು. ‘ನೀವು ಬೇಡ ಅಂದ್ರಿ, ಅವ್ರು ಬಿಟ್ರು. ಗೊತ್ತಿಲ್ದೆ ಅಂದ್ರಿ. ಅದಕ್ಕೆ ನಿಮ್ಮನ್ನ ಏನಂತ ಬಯ್ಲಿ? ಯಾವ ಗ್ಯಾಸು, ಯಾರು ಹೇಳಿದ್ದು, ಅದೆಲ್ಲ ನಾನು ಕೇಳ್ತಾನೂ ಇರ್ಲಿಲ್ಲ ಮೇಷ್ಟ್ರೇ. ಕುಡಿದಿರ್ಲಿಲ್ಲ ಅಂತ ಅವತ್ತು ಒಂದು ಮಾತು ಅಂದಿದ್ರೆ ಸಾಕಿತ್ತು.’

ಅಷ್ಟೇ ಸಾಕಾಗಿತ್ತಂತೆ. ನನ್ನ ತಪ್ಪಿನ ಲವಲೇಶವೂ ಬೇಕಿರದ ಒಂದು ಮಾತು. ಅದು ನನಗೆ ಎರಡು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ರಾಣಿ ಸೆರಗಿನಿಂದ ಮುಖ ಒರೆಸಿಕೊಂಡು ಮಗಳ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

‘ದಿನಾ ಬೆಳಗೆದ್ದು ಬಯ್ದಿದೀನಿ ಅವ್ರನ್ನ. ಹಿಟ್ಟು ರುಬ್ತಾ ರುಬ್ತಾ ಬಯ್ದಿದೀನಿ. ಮಗಳ ತಲೆ ಮುಟ್ಟಿ ಸುಳ್ಳು ಹೇಳ್ದೋನು ಅಂತ ಇವಳ ಎದುರಿಗೇ ಅಂದಿದೀನಿ. ಎರಡು ವರ್ಷ ಮೇಷ್ಟ್ರೇ, ಒಂದು ದಿನ ಬಿಟ್ಟಿಲ್ಲ. ಈಗ ಹೇಳಿ, ಆ ಬಯ್ಗುಳನೆಲ್ಲ ಯಾರ ಹತ್ರ ಹೋಗಿ ವಾಪಸ್ ತಗೊಳ್ಲಿ ನಾನು?’

ಅವಳು ನಿಜವಾಗಿಯೂ ಕೇಳುತ್ತಿದ್ದಳು. ಉತ್ತರ ಗೊತ್ತಿರುವ ಮೇಷ್ಟ್ರನ್ನು ಕೇಳುವ ಹಾಗೆ, ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು. ನನಗೆ ಗೊತ್ತಿಲ್ಲ ಕಣಮ್ಮ ಎಂದೆ.